ಕಪ್ಪು ಗಂಡಭೇರುಂಡ

ಊರಿನಿಂದ ಯಾರಾದರೂ ಬಂದರೆ ಅವರ ಪೆಟ್ಟಿಗೆ ಬಿಚ್ಚುವ ಹೊತ್ತಿಗೆ ನಾವೆಲ್ಲ ಸುತ್ತ ಕುಳಿತು ಮೂಗರಳಿಸುತ್ತಿದ್ದ ಕಾಲ ಅದು. ಕುಚ್ಚಲಕ್ಕಿ, ಹಲಸಿನ ಹಪ್ಪಳ, ಒಣ ಸಿಗಡಿ, ಸಿಗಡಿಯ ವಾಸನೆ ಹಿಡಿದ ಹೊಸ ಬಟ್ಟೆಗಳು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾವಿದ್ದದ್ದು ಸೌದಿಯ ಖಮೀಸ್ ಮುಶೈತಿನಲ್ಲಿ. ಸೌದಿ ಎಂದರೆ ಮರಳು, ಒಂಟೆ ಎಂದುಕೊಂಡವರಿಗೆ ಹೇಳಿದರೆ ಇವತ್ತಿಗೂ ನಂಬುವುದಿಲ್ಲ, ನಮ್ಮದು ಬೆಟ್ಟದ ಮೇಲಿನ ಊರು. ಚಳಿಗಾಲದಲ್ಲಿ ಸ್ವೆಟರ್ ಹಾಕದೆ ಶಾಲೆಗೆ ಹೊರಟರೆ ಅಮ್ಮ ಬಾಗಿಲಲ್ಲೇ ತಡೆಯುತ್ತಿದ್ದಳು.

ಅಮ್ಮ ಅಲ್ಲಿನ ಆಸ್ಪತ್ರೆಯೊಂದರಲ್ಲಿ ನರ್ಸ್, ಅಪ್ಪ ವಾಹನಗಳ ಬಿಡಿಭಾಗದ ಅಂಗಡಿಯಲ್ಲಿ ನೌಕರ. ನಮ್ಮ ಕ್ವಾರ್ಟರ್ಸಿನ ಹಿಂದೆಯೇ ಒಂಟಿ ನರ್ಸುಗಳ ಹಾಸ್ಟೆಲ್. ಗಂಡಸರು ಅತ್ತ ಸುಳಿಯುವಂತಿಲ್ಲ. ಅಪ್ಪನಿಗೇ ಇಲ್ಲದ ಹಕ್ಕು ನನಗಿದೆಯೆಂಬ ಜಂಬದಲ್ಲಿ ಒಂಬತ್ತು ವರ್ಷದ ನಾನು ಅದರ ತಾರಸಿಯಲ್ಲೇ ಬಿದ್ದಿರುತ್ತಿದ್ದೆ. ನನ್ನನ್ನು ಅಲ್ಲಿಗೆ ಎಳೆಯುತ್ತಿದ್ದವರು ವೆಸ್ನಾ ಆಂಟಿ ಮತ್ತು ದ್ರಿತಾ ಆಂಟಿ. ಇಬ್ಬರೂ ಯುಗೊಸ್ಲಾವಿಯಾದವರು, ಒಂದೇ ಕೋಣೆಯವರು. ವೆಸ್ನಾ ಆಂಟಿ ನಕ್ಕರೆ ಗೇಟಿನ ಕಾವಲುಗಾರನಿಗೂ ಕೇಳಬೇಕು. ದ್ರಿತಾ ಆಂಟಿಯದು ಮೆತ್ತಗಿನ ಮಾತು, ಕೈಯಲ್ಲಿ ಸದಾ ಸೂಜಿ ದಾರ. ಅಮ್ಮನ ಜೊತೆ ಅವರು ಆಡುತ್ತಿದ್ದದ್ದು ಆಸ್ಪತ್ರೆಯ ಇಂಗ್ಲಿಷು, ನಡುನಡುವೆ ಅರಬ್ಬಿ. ಆ ಕಿಚಡಿಯನ್ನು ಇಲ್ಲಿ ಕನ್ನಡದಲ್ಲೇ ಬಡಿಸುತ್ತಿದ್ದೇನೆ.

ಬೇಸಿಗೆ ಇಳಿಯುತ್ತಿದ್ದಂತೆ ಅವರಿಬ್ಬರಿಗೂ ಮೆಣಸಿನ ಹುಚ್ಚು ಹಿಡಿಯುತ್ತಿತ್ತು. ಕೆಂಪಗೆ ಹಣ್ಣಾದ ದೊಣ್ಣೆಮೆಣಸನ್ನು ಪೆಟ್ಟಿಗೆಗಟ್ಟಲೆ ತರಿಸಿ, ತಾರಸಿಯಲ್ಲಿ ಇದ್ದಿಲೊಲೆ ಹೂಡಿ, ಮೇಲೆ ತಗಡಿಟ್ಟು ಸುಡುತ್ತಿದ್ದರು. ಸಿಪ್ಪೆ ಕರ್ರಗಾಗಿ ಉಬ್ಬಿ ಬಿರಿಯುವಾಗ ಏಳುವ ಆ ಸಿಹಿ ಹೊಗೆ ನಮ್ಮ ಅಡುಗೆಮನೆಯವರೆಗೂ ಬರುತ್ತಿತ್ತು. ಸುಟ್ಟದ್ದನ್ನು ಪಾತ್ರೆಯಲ್ಲಿ ಮುಚ್ಚಿಟ್ಟು, ಬೆವರಿದ ಮೇಲೆ ಸಿಪ್ಪೆ ಸುಲಿಯುವುದು ನನ್ನ ಪಾಲಿನ ಆಟ. ಬೆರಳು ಕೆಂಪಾಗಿ, ಎರಡು ದಿನ ಏನು ತಿಂದರೂ ಮೆಣಸಿನದೇ ವಾಸನೆ. ಆಮೇಲೆ ಕೊಚ್ಚಿ, ಎಣ್ಣೆ ಉಪ್ಪು ಹಾಕಿ, ಮರದ ಸೌಟಿನಲ್ಲಿ ತಿರುವಿದ್ದೇ ತಿರುವಿದ್ದು. ಅದಕ್ಕೆ ಬದನೆ ಹಾಕಬೇಕೆಂದು ವೆಸ್ನಾ ಆಂಟಿ, ಕೂಡದೆಂದು ದ್ರಿತಾ ಆಂಟಿ. ಪ್ರತಿ ವರ್ಷವೂ ಅದೇ ಜಗಳ.

"ಎರಡಕ್ಕೂ ಒಂದು ಸಾಸಿವೆ ಒಗ್ಗರಣೆ ಕೊಡಿ ಮಾರಾಯ್ತಿ, ಎಲ್ಲ ಸರಿಯಾಗ್ತದೆ," ಎಂದು ಅಮ್ಮ ಹೇಳಿದರೆ ಇಬ್ಬರೂ ಒಂದಾಗಿ ಅಮ್ಮನ ಮೇಲೆ ಮುಗಿಬೀಳುತ್ತಿದ್ದರು. ಜಗಳ ನಗುವಿನಲ್ಲಿ ಮುಗಿಯುತ್ತಿತ್ತು.

ಆ ವರ್ಷ ಮುಗಿಯಲಿಲ್ಲ. ತಾರಸಿಯ ಎರಡು ಮೂಲೆಗಳಲ್ಲಿ ಎರಡು ಒಲೆ ಹೊಗೆಯಾಡಿದವು. ಯಾರ ಮೆಣಸಿನ ಸಿಪ್ಪೆ ಸುಲಿಯಬೇಕೆಂದು ತಿಳಿಯದೆ ನಾನು ನಡುವೆ ನಿಂತುಬಿಟ್ಟೆ. ಅವರು ಒಬ್ಬರಿಗೊಬ್ಬರು ಬೆನ್ನು ಹಾಕಿ ಕುಳಿತಿದ್ದರು.

ಮನೆಗೆ ಓಡಿ ಬಂದು ಅಮ್ಮನನ್ನು ಕೇಳಿದೆ. "ಅವರಿಗೆ ಎಂತ ಆಗಿದೆ?"

"ಅವರ ಊರಲ್ಲಿ ಗಲಾಟೆ ಆಗಿದೆ," ಎಂದಳು ಅಮ್ಮ. "ಆ ದೇಶದಲ್ಲಿ ಬೇರೆ ಬೇರೆ ಭಾಷೆಯವರು ಒಟ್ಟಿಗೆ ಇದ್ದಾರೆ. ವೆಸ್ನಾ ಸರ್ಬಿಯಾದವಳು. ದ್ರಿತಾ ಕೊಸೊವೊದ ಅಲ್ಬೇನಿಯನ್. ಅವಳ ಭಾಷೆಯವರದ್ದೇ ಇನ್ನೊಂದು ದೇಶ ಪಕ್ಕದಲ್ಲೇ ಉಂಟು, ಆದರೆ ಮಧ್ಯದಲ್ಲಿ ಬೇಲಿ. ಅವಳ ಅಮ್ಮ ಈಚೆ, ಚಿಕ್ಕಮ್ಮ ಆಚೆ."

ಆ ವರ್ಷದ ಆರಂಭದಲ್ಲಿ ಕೊಸೊವೊದ ವಿದ್ಯಾರ್ಥಿಗಳು ನಮಗೂ ನಮ್ಮದೇ ಗಣರಾಜ್ಯ ಬೇಕೆಂದು ಬೀದಿಗಿಳಿದಿದ್ದರಂತೆ. ಆಚೆಯವರ ಜೊತೆ ಒಂದಾಗಬೇಕೆಂದು ಕೂಗಿದವರೂ ಇದ್ದರಂತೆ. ದ್ರಿತಾ ಆಂಟಿಯ ತಮ್ಮ ಜೈಲಿನಲ್ಲಿದ್ದ.

"ನಿನ್ನ ಮಂಜೇಶ್ವರದ ಹಾಗೆಯಾ?" ಎಂದು ಕೇಳಿದೆ. ಅಮ್ಮನ ತವರು ಮಂಜೇಶ್ವರ. ಕನ್ನಡ ಶಾಲೆಯಲ್ಲಿ ಕಲಿತ ನಮ್ಮನ್ನು ಕೇರಳಕ್ಕೆ ಹಾಕಿದರು ಎಂದು ಅವಳು ಗೊಣಗುವುದನ್ನು ಕೇಳಿಯೇ ನಾನು ಬೆಳೆದದ್ದು.

ಅಮ್ಮ ಒಲೆಯ ಉರಿ ತಗ್ಗಿಸಿದಳು. "ಅದರ ಹಾಗೇ ಅಂತ ಹೇಳ್ಲಿಕ್ಕಾಗುದಿಲ್ಲ ಮಗಾ. ನನಗೆ ಮಂಗಳೂರಿಗೆ ಹೋಗ್ಲಿಕ್ಕೆ ಒಂದು ಬಸ್ಸಿನ ಟಿಕೆಟ್ ಸಾಕು. ಅವಳಿಗೆ ಚಿಕ್ಕಮ್ಮನನ್ನು ನೋಡ್ಲಿಕ್ಕೆ ಯಾವ ಟಿಕೆಟ್ಟೂ ಇಲ್ಲ."

ಇಬ್ಬರ ಹಾಸಿಗೆಯ ಪಕ್ಕದಲ್ಲೂ ಒಂದೊಂದು ರೇಡಿಯೋ. ಗಡಿಯಾಚೆಯ ಸ್ಟೇಷನ್ನನ್ನು ದ್ರಿತಾ ಆಂಟಿ ಹಾಕಿದರೆ ಈಚೆಯದನ್ನು ವೆಸ್ನಾ ಆಂಟಿ ಹಾಕುತ್ತಿದ್ದರು. ಎರಡು ಸರ್ಕಾರಗಳೂ ಪರಸ್ಪರ ಖಂಡನೆ, ಎಚ್ಚರಿಕೆ ಎಂದು ಹಗಲಿಡೀ ಗುಡುಗುತ್ತಿದ್ದವು. ಭಾಷೆ ಗೊತ್ತಿಲ್ಲದ ನನಗೆ ಎರಡೂ ಒಬ್ಬನೇ ಸಿಟ್ಟಿನ ಮುದುಕನ ದನಿಯಾಗಿ ಕೇಳುತ್ತಿದ್ದವು.

"ಏನು ಹೇಳ್ತಾರೆ ಅವರು?" ಎಂದು ದ್ರಿತಾ ಆಂಟಿಯನ್ನು ಒಮ್ಮೆ ಕೇಳಿದ್ದೆ.

"ನಾವೆಲ್ಲ ಒಂದೇ ರಕ್ತ, ಒಂದೇ ಮಣ್ಣು ಅಂತಾರೆ. ಕೇಳಿದರೆ ಎದೆ ತುಂಬಿ ಬರ್ತದೆ. ಆದರೆ ನನ್ನ ಚಿಕ್ಕಮ್ಮನನ್ನು ಬೇಲಿಯ ಹತ್ತಿರವೂ ಬಿಡುವುದಿಲ್ಲ ಅವರೇ."

ವೆಸ್ನಾ ಆಂಟಿ ಅಮ್ಮನ ಹತ್ತಿರ ತಮ್ಮ ಸಂಕಟ ಹೇಳಿಕೊಂಡರು. "ನನ್ನ ಅಣ್ಣನ ಮನೆ, ಮಕ್ಕಳು ಎಲ್ಲ ಕೊಸೊವೊದಲ್ಲೇ. ನಾಳೆ ಅದು ಬೇರೆಯವರ ನಾಡು ಆದರೆ ಅವನು ಎಲ್ಲಿಗೆ ಹೋಗಬೇಕು, ನೀನೇ ಹೇಳು." ಅಮ್ಮ ಇಬ್ಬರೂ ಕೊಟ್ಟ ಬಾಟಲಿಗಳಿಂದ ಒಂದೊಂದು ಚಮಚ ತೆಗೆದು ಒಂದೇ ತಟ್ಟೆಗೆ ಹಾಕಿ ನಮಗೆ ದೋಸೆಯ ಜೊತೆ ಬಡಿಸುತ್ತಿದ್ದಳು, ಅಷ್ಟೇ.

ನನಗೆ ಶಾಲೆಯಲ್ಲಿ ಇಂಗ್ಲಿಷು. ಕನ್ನಡ ಕಲಿಸುವುದು ಅಪ್ಪನ ಹೊಣೆ. ಅದಕ್ಕಾಗಿ ಮಾವ ಉಡುಪಿಯಿಂದ ಪಠ್ಯಪುಸ್ತಕ ತಂದುಕೊಟ್ಟಿದ್ದರು. ಒಂದು ಸಂಜೆ ನಾನು ಹಾಲಿನಲ್ಲಿ ಕುಳಿತು ಕಾಗುಣಿತ ಬರೆಯುತ್ತಿದ್ದಾಗ ದ್ರಿತಾ ಆಂಟಿ ಬಂದರು. ಪುಸ್ತಕದ ಮೊದಲ ಪುಟದಲ್ಲಿ ನಮ್ಮ ರಾಜ್ಯದ ಲಾಂಛನ ಇತ್ತು. ಅದನ್ನು ನೋಡಿದ್ದೇ ಅವರು ನೆಲದ ಮೇಲೆ ಕುಳಿತುಬಿಟ್ಟರು.

"ಇದು ನಿನಗೆ ಯಾರು ಕೊಟ್ಟರು?"

"ನಮ್ಮ ಹಕ್ಕಿ ಅದು. ಗಂಡಭೇರುಂಡ. ಎರಡು ತಲೆ."

ಅವರು ಆ ಹಕ್ಕಿಯ ಮೇಲೆ ಬೆರಳಾಡಿಸುತ್ತ, ನಗುತ್ತ, ಕಣ್ಣೊರೆಸಿಕೊಳ್ಳುತ್ತ ಇದ್ದರು. ಅವರ ಜನರದೂ ಎರಡು ತಲೆಯ ಹಕ್ಕಿಯಂತೆ, ಕೆಂಪು ಬಾವುಟದ ಮೇಲೆ ಕಪ್ಪು ಹದ್ದು. ನನಗೆ ಆಶ್ಚರ್ಯವೇನೂ ಆಗಲಿಲ್ಲ. ನಮ್ಮ ಕಡೆಯವರೇ ಇರಬೇಕು ಎಂದುಕೊಂಡೆ.

ನವೆಂಬರ್ ಒಂದಕ್ಕೆ ನಮ್ಮ ಕನ್ನಡದ ಮನೆಗಳವರು ಸೇರಿ ರಾಜ್ಯೋತ್ಸವ ಮಾಡುವುದಿತ್ತು. ಬಾಗಿಲು ಹಾಕಿಕೊಂಡು ಮಾಡುವ ರಾಜ್ಯೋತ್ಸವ, ನಾನು ಪದ್ಯ ಹೇಳಬೇಕು, ಆಮೇಲೆ ಕೋಳಿ ಸುಕ್ಕ. ಅದಕ್ಕೆ ಗೋಡೆಯ ಮೇಲೆ ಹಾಕಲು ಒಂದು ಗಂಡಭೇರುಂಡ ಕಸೂತಿ ಮಾಡಿಕೊಡುತ್ತೇನೆ ಎಂದರು ದ್ರಿತಾ ಆಂಟಿ. ಕೆಂಪು ಬಟ್ಟೆ ತಂದು ಪ್ರತಿ ಸಂಜೆ ನಮ್ಮ ಹಾಲಿನಲ್ಲೇ ಕುಳಿತು ಕಪ್ಪು ದಾರದಲ್ಲಿ ಹೊಲಿದರು. ಪುಸ್ತಕ ನೋಡಿ ಹೊಲಿಯುತ್ತೇನೆಂದವರು ಮೊದಲ ದಿನದ ನಂತರ ಅದನ್ನು ತೆರೆಯಲೇ ಇಲ್ಲ. ಮುಗಿದ ಮೇಲೆ ಅಪ್ಪ ಅದನ್ನು ಸೋಫಾದ ಹಿಂದಿನ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದರು.

ವೆಸ್ನಾ ಆಂಟಿ ಬಂದವರು ಅದನ್ನು ಕಂಡು ಕೆಂಡವಾದರು. "ಮಗುವಿನ ಪುಸ್ತಕ ಮುಂದಿಟ್ಟುಕೊಂಡು ನಿನ್ನ ಬಾವುಟ ಹೊಲಿದೆಯಾ? ಎರಡು ತಲೆಯ ಹಕ್ಕಿ ನಿಮ್ಮೊಬ್ಬರದೇ ಏನು? ನಮ್ಮ ಚರ್ಚಿನಲ್ಲೂ ಇದೆ, ನಮ್ಮದು ಬಿಳಿ!" ದ್ರಿತಾ ಆಂಟಿ ಸೂಜಿ ದಾರವನ್ನು ಚೀಲಕ್ಕೆ ತುಂಬಿಕೊಂಡರು. ಬಾಗಿಲು ಬಡಿದು ವೆಸ್ನಾ ಆಂಟಿ ಹೊರಟುಹೋದರು.

ಅಪ್ಪ ಹಕ್ಕಿಯನ್ನೂ ಬಾಗಿಲನ್ನೂ ನೋಡಿದರು. "ಎಂತದು ಮಾರಾಯ್ರೆ ಇದು, ಹಕ್ಕಿಗೂ ಪಾಸ್‌ಪೋರ್ಟ್ ಬೇಕಾ?"

ಪಾಸ್‌ಪೋರ್ಟು ಬೇಕಾಗಿದ್ದದ್ದು ದ್ರಿತಾ ಆಂಟಿಗೆ. ಅವರ ತಾಯಿ ಹಾಸಿಗೆ ಹಿಡಿದಿದ್ದರು, ಪಾಸ್‌ಪೋರ್ಟಿನ ಅವಧಿ ಮುಗಿಯುತ್ತಿತ್ತು. ಅದು ನವೀಕರಣ ಆಗದಿದ್ದರೆ ಊರಿಗೂ ಹೋಗುವಂತಿಲ್ಲ, ಇಕಾಮಾ ಎಂಬ ವಾಸದ ಪರವಾನಗಿ ಇಲ್ಲದೆ ಇಲ್ಲಿ ಇರುವಂತೆಯೂ ಇಲ್ಲ. ಸೌದಿಯಲ್ಲಿ ಆಗ ಅವರ ದೇಶದ ರಾಯಭಾರ ಕಚೇರಿ ಇರಲಿಲ್ಲ. ಕುವೈತಿನಿಂದ ಅಧಿಕಾರಿಯೊಬ್ಬರು ಬಂದು ತಮ್ಮವರ ಪಾಸ್‌ಪೋರ್ಟುಗಳನ್ನು ನವೀಕರಣಕ್ಕೆ ಒಯ್ಯುವರೆಂದು ಸುದ್ದಿ ಬಂತು. ತಮ್ಮ ಜೈಲಿನಲ್ಲಿರುವವಳನ್ನು ಅವರು ಸುಮ್ಮನೆ ಬಿಡುತ್ತಾರೆಯೇ ಎಂಬುದೇ ದ್ರಿತಾ ಆಂಟಿಯ ಹೆದರಿಕೆ. ಹಾಸ್ಟೆಲಿಗೆ ಗಂಡಸರು ಹೋಗುವಂತಿಲ್ಲವಲ್ಲ, ಹಾಗಾಗಿ ಭೇಟಿ ನಮ್ಮ ಮನೆಯಲ್ಲಿ ಎಂದು ಅಪ್ಪ ಧಾರಾಳವಾಗಿ ಒಪ್ಪಿಕೊಂಡರು. ಅಮ್ಮನಿಗೆ ಅಂದು ಡ್ಯೂಟಿ. ಆ ಜಗಳ ಕೇಳಿಯೂ ಅಪ್ಪನಿಗೂ ನನಗೂ ಗೋಡೆಯ ಮೇಲಿದ್ದದ್ದು ಬರೀ ಗಂಡಭೇರುಂಡ. ತೆಗೆದಿಡಬೇಕೆಂದು ನಮಗೆ ಹೊಳೆಯಲೇ ಇಲ್ಲ.

ಬಂದವರು ಬಿಳಿ ಕೂದಲಿನ, ಸಭ್ಯ ಮನುಷ್ಯ. ನನ್ನ ತಲೆ ಸವರಿದರು, ಅಪ್ಪ ಕೊಟ್ಟ ಚಹಾ ಕುಡಿದರು. ದ್ರಿತಾ ಆಂಟಿ ಬಂದು, ಗೋಡೆ ನೋಡಿ, ಬಾಗಿಲಲ್ಲೇ ನಿಂತರು. ಅವರ ಮುಖ ಬಿಳಿಚಿಕೊಂಡದ್ದು ಕಂಡ ಮೇಲೆ ನನಗೂ ಏನೋ ತಪ್ಪಾಗಿದೆ ಅನ್ನಿಸಿತು. ಹಿಂದೆಯೇ ಬಂದ ವೆಸ್ನಾ ಆಂಟಿಯೂ ಗೋಡೆ ನೋಡಿದರು. ಅಧಿಕಾರಿ ಅವರ ಕಣ್ಣು ಹೋದತ್ತ ತಿರುಗಿದರು.

ಎದ್ದು ಹತ್ತಿರ ಹೋಗಿ ಹಕ್ಕಿಯ ತಲೆಗಳ ಮೇಲಿನ ಖಾಲಿ ಜಾಗದಲ್ಲಿ ಬೆರಳಿಟ್ಟರು. ಅವರ ದೇಶದಲ್ಲಿ ಅಲ್ಬೇನಿಯನ್ನರಿಗೆ ಈ ಬಾವುಟ ಹಾರಿಸಲು ಅನುಮತಿ ಇದ್ದದ್ದು ಅಲ್ಲೊಂದು ನಕ್ಷತ್ರ ಇದ್ದರೆ ಮಾತ್ರ ಎಂದು ನನಗೆ ಗೊತ್ತಾದದ್ದು ಆಮೇಲೆ.

"ಇದನ್ನು ಹೊಲಿದವರು ಯಾರು?" ಎಂದು ಇಂಗ್ಲಿಷಿನಲ್ಲೇ ಕೇಳಿದರು.

ದ್ರಿತಾ ಆಂಟಿ ಬಾಯಿ ತೆರೆದರು. ಅಷ್ಟರಲ್ಲಿ ವೆಸ್ನಾ ಆಂಟಿ ಮುಂದೆ ಬಂದರು.

"ನಾನು," ಎಂದರು. "ಈ ಮಗುವಿನ ಹಬ್ಬಕ್ಕೆ. ಇಂಡಿಯಾದಲ್ಲಿ ಇವರ ರಾಜ್ಯದ ಗುರುತು ಅದು. ಮಗೂ, ನಿನ್ನ ಪುಸ್ತಕ ತಾ."

ಒಂದು ಗುಂಡಿ ಹೊಲಿಯಲೂ ಬಾರದ ವೆಸ್ನಾ ಆಂಟಿ! ನಾನು ಓಡಿಹೋಗಿ ಪುಸ್ತಕ ತಂದೆ. ಅಧಿಕಾರಿ ಲಾಂಛನವನ್ನೂ ಅದರ ಕೆಳಗಿನ ಕನ್ನಡವನ್ನೂ ಕನ್ನಡಕ ಏರಿಸಿ ನೋಡಿದರು.

"ಕಪ್ಪು ಯಾಕೆ?" ಎಂದು ನನ್ನನ್ನೇ ಕೇಳಿದರು.

"ನನ್ನ ಪುಸ್ತಕದಲ್ಲಿ ಕಪ್ಪಾಗಿಯೇ ಉಂಟಲ್ಲ," ಎಂದೆ. ಇತ್ತು ಕೂಡ. ಕಪ್ಪು ಶಾಯಿಯಲ್ಲಿ ಅಚ್ಚಾದ ಪುಸ್ತಕ.

"ಇವರು ಹೊಲಿದದ್ದಾ?"

ವೆಸ್ನಾ ಆಂಟಿಯ ಕೈ ನನ್ನ ಭುಜದ ಮೇಲಿತ್ತು. "ಹೌದು," ಎಂದೆ.

ಅವರು ನಂಬಿದರೋ, ನಂಬಿದಂತೆ ಮಾಡಿದರೋ. ಅವರ ಕಣ್ಣು ದ್ರಿತಾ ಆಂಟಿಯ ಸೂಜಿ ಚುಚ್ಚಿ ಗಟ್ಟಿಯಾದ ಬೆರಳ ತುದಿಗಳ ಮೇಲೆ ಸ್ವಲ್ಪ ಹೊತ್ತು ನಿಂತದ್ದು ನನಗೆ ನೆನಪಿದೆ. ಆಮೇಲೆ ಪುಸ್ತಕ ಮುಚ್ಚಿ ನನ್ನ ಕೈಗಿಟ್ಟು, ಇಬ್ಬರ ಪಾಸ್‌ಪೋರ್ಟುಗಳನ್ನೂ ಚೀಲಕ್ಕೆ ಹಾಕಿಕೊಂಡು ಹೊರಟರು.

ಬಾಗಿಲು ಮುಚ್ಚಿದ ಮೇಲೆ ದ್ರಿತಾ ಆಂಟಿ ಅಳತೊಡಗಿದರು. "ಅಳಬೇಡ," ಎಂದು ವೆಸ್ನಾ ಆಂಟಿ ಗದರಿದರು. "ನಿನ್ನ ಮಾತು ನಾನು ಒಪ್ಪಿಲ್ಲ, ಒಪ್ಪುವುದೂ ಇಲ್ಲ. ನಿನ್ನ ಅಮ್ಮನಿಗೋಸ್ಕರ ಹೇಳಿದ್ದು." ಹಾಗೆನ್ನುತ್ತಲೇ ಅವರನ್ನು ತಬ್ಬಿಕೊಂಡರು. ಅಪ್ಪ ಏನು ಮಾಡುವುದೆಂದು ತೋಚದೆ ಮತ್ತೆ ಚಹಾಕ್ಕೆ ನೀರಿಟ್ಟರು.

ಮರುದಿನ ತಾರಸಿಯಲ್ಲಿ ಒಂದೇ ಒಲೆ. ಋತು ಮುಗಿಯುತ್ತಿತ್ತು, ಕೊನೆಯ ಮೆಣಸುಗಳು ಬಾಡಿದ್ದವು. ದ್ರಿತಾ ಆಂಟಿ ಎರಡು ಬದನೆಕಾಯಿ ತಂದು ತಗಡಿನ ಮೇಲೆ ಇಟ್ಟರು. ವೆಸ್ನಾ ಆಂಟಿ ಅದರಲ್ಲಿ ಒಂದನ್ನು ತೆಗೆದು ಪಕ್ಕಕ್ಕಿಟ್ಟರು. ನಾನು ಕೈ ಸುಟ್ಟುಕೊಳ್ಳುತ್ತ ಇಬ್ಬರ ಮೆಣಸಿನ ಸಿಪ್ಪೆಯನ್ನೂ ಸುಲಿದೆ.

ಪಾಸ್‌ಪೋರ್ಟು ಬಂತು. ಹೊರಡುವ ಮುಂಚೆ ದ್ರಿತಾ ಆಂಟಿ ಗೋಡೆಯ ಕಸೂತಿಯನ್ನು ಮುಟ್ಟಿ ನೋಡಿ, "ಇದು ನಿನ್ನ ಹತ್ತಿರ ಇರಲಿ. ನನ್ನ ಊರಿನ ಗಡಿಯಲ್ಲಿ ಇದನ್ನು ಒಳಗೆ ಬಿಡುವುದಿಲ್ಲ," ಎಂದರು. ತಾಯಿಯನ್ನು ಜೀವಂತವಾಗಿ ಕಂಡರೆಂದು ವೆಸ್ನಾ ಆಂಟಿಯಿಂದ ತಿಳಿಯಿತು. ಅವರು ಮರಳಿ ಬರಲಿಲ್ಲ. ವರ್ಷದೊಳಗೆ ವೆಸ್ನಾ ಆಂಟಿಯೂ ಹೋದರು, ನಾವೂ ಊರು ಸೇರಿದೆವು.

ಮುಂದೆ ಅವರ ದೇಶ ಚೂರುಚೂರಾಯಿತು. ಕೊಸೊವೊ ಉರಿಯುವುದನ್ನು ಟಿವಿಯಲ್ಲಿ ತೋರಿಸಿದಾಗ ಅಮ್ಮ ಎದ್ದು ಪರದೆಯ ಹತ್ತಿರ ಹೋಗಿ ನಿಲ್ಲುತ್ತಿದ್ದಳು. ಟ್ರಾಕ್ಟರುಗಳಲ್ಲಿ ಗುಳೆ ಹೊರಟ ಹೆಂಗಸರಲ್ಲಿ ಒಮ್ಮೆ ದ್ರಿತಾಳನ್ನು ಹುಡುಕುವಳು, ಇನ್ನೊಮ್ಮೆ ಮನೆ ಬಿಟ್ಟೋಡುವ ಸರ್ಬರಲ್ಲಿ ವೆಸ್ನಾಳ ಅಣ್ಣನನ್ನು. ನಮಗೆ ಇಬ್ಬರೂ ಸಿಗಲಿಲ್ಲ. ದೊಣ್ಣೆಮೆಣಸನ್ನು ನಾನು ಗ್ಯಾಸಿನ ಉರಿಯಲ್ಲಿ ಸುಡುತ್ತೇನೆ, ಬದನೆ ಹಾಕಿಯೂ ಮಾಡಿದ್ದೇನೆ, ಹಾಕದೆಯೂ. ಆ ರುಚಿ ಬರುವುದಿಲ್ಲ. ಹಾಕಬೇಕು, ಕೂಡದು ಎಂದು ಒಂದೇ ಒಲೆಯ ಮುಂದೆ ಜಗಳಾಡುವ ಇಬ್ಬರನ್ನು ಎಲ್ಲಿಂದ ತರಲಿ?

ಕಸೂತಿ ಈಗ ಮಂಗಳೂರಿನ ನಮ್ಮ ಮನೆಯ ಹಾಲಿನಲ್ಲಿದೆ. ಬಂದವರು ನೋಡುತ್ತಾರೆ. "ಗಂಡಭೇರುಂಡ ಚೆನ್ನಾಗಿದೆ. ಆದರೆ ನಮ್ಮದು ಬಿಳಿ ಅಲ್ವಾ, ಇದು ಕಪ್ಪು ಯಾಕೆ? ಯಾರು ಹೊಲಿದದ್ದು?"

"ನನ್ನ ಪುಸ್ತಕದಲ್ಲಿ ಕಪ್ಪಾಗಿಯೇ ಇತ್ತು," ಎನ್ನುತ್ತೇನೆ. "ವೆಸ್ನಾ ಆಂಟಿ ಹೊಲಿದದ್ದು."