ನಲವತ್ತು ನಿಮಿಷ ಕದಲದ ಬಾಗಿಲಮ್ಮ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಯಂತ್ರದ ಅಂಗಡಿಯ ಹಿಂದಿನ ಅಂಗಳಕ್ಕೆ ಐವತ್ತೆರಡರ ಹೆಂಗಸೊಬ್ಬರು ಹಳೆಯ ಕಾರಿನ ಬಾಗಿಲು ಹೊತ್ತು ತರುತ್ತಿದ್ದಾರೆ. ಕಾರಿಲ್ಲ, ಬರೀ ಬಾಗಿಲು. ಮೈತುಂಬ ಒಣಗಿ ಬಿರುಕು ಬಿಟ್ಟ ಕೆಸರು. ಅದನ್ನು ಗೋಡೆಗೆ ಒರಗಿಸಿ, ಬಕೆಟ್ ಇಟ್ಟು, ಕೈಗಡಿಯಾರ ಬಿಚ್ಚಿ ಎದುರಿಗಿಟ್ಟುಕೊಂಡು, "ಹಾಕಣ್ಣ ಸ್ವಿಚ್ಚು" ಅನ್ನುತ್ತಾರೆ.

ಕಾರು ತೊಳೆಯುವವರೆಲ್ಲರ ಬಾಯಲ್ಲಿ ಇವರು ಬಾಗಿಲಮ್ಮ. ಇಪ್ಪತ್ತಾರು ವರ್ಷಗಳಿಂದ ದಿನಕ್ಕೆ ಹದಿನಾಲ್ಕು ಕಾರು ತೊಳೆದ ಕೈ. ಯಾರೇ ನೀರು ಹೊಡೆಯುವ ಯಂತ್ರ ಕೊಳ್ಳಲಿ, ಮೊದಲು ಇವರಿಗೊಂದು ಫೋನು. ಇದುವರೆಗೆ ನೋಡಿದ್ದು ಎಪ್ಪತ್ಮೂರು, ಬೇಡವೆಂದದ್ದು ಮೂವತ್ತೊಂದು.

"ಅಂಗಡಿಯವ್ರು ತೊಳೆದ ಕಾರನ್ನೇ ತೊಳೆದು ತೋರಿಸ್ತಾರೆ. ಅದಕ್ಕೇ ನನ್ನ ಕೊಳೆ ನಾನೇ ತರ್ತೀನಿ" ಎಂದು ನಗುತ್ತಾರೆ.

ಬಾಗಿಲಿನ ಅರ್ಧಕ್ಕೆ ಹೊಸ ಬಣ್ಣ, ಇನ್ನರ್ಧಕ್ಕೆ ಹಳೆಯದು. ಕೆಸರು ಹೋಗಬೇಕು, ಬಣ್ಣ ಉಳಿಯಬೇಕು. ಬಕೆಟ್ ಎಷ್ಟು ಹೊತ್ತಿಗೆ ತುಂಬುತ್ತದೆಂದು ನೋಡಿ, ಯಂತ್ರಕ್ಕೆ ಅಂಟಿಸಿದ ಚೀಟಿಯಲ್ಲಿ ಬರೆದ ನೀರಿನ ಲೆಕ್ಕ ನಿಜವೋ ಬುರುಡೆಯೋ ಎಂದು ಹೇಳುತ್ತಾರೆ. ಆಮೇಲೆ ಕಣ್ಣು ಮುಚ್ಚಿ ಪಂಪಿನ ಮೇಲೆ ಅಂಗೈ ಇಡುತ್ತಾರೆ. "ಒಳಗೆ ಗಾಳಿ ಎಳೀತಿದೆ. ನೀರು ಬರೋ ಪೈಪ್ ಬಿಗಿ ಮಾಡಣ್ಣ." ಹನ್ನೆರಡು ವರ್ಷದಿಂದ ಯಂತ್ರ ಮಾರುತ್ತಿರುವ ಅಂಗಡಿಯಾತ ಮಂಡಿಯೂರಿ ಬಿಗಿ ಮಾಡುತ್ತಾನೆ. ಅಷ್ಟರವರೆಗೆ ನಮಗೆ ಕೇಳಿಸಿಯೇ ಇರದ ಗೊರಗೊರ ಸದ್ದು ನಿಂತಾಗಲೇ, ಅದು ಇತ್ತೆಂದು ನಮಗೆ ಗೊತ್ತಾಗುವುದು. ಮೂಗಿನ ಮೇಲೆ ಬೆರಳಿಟ್ಟುಕೊಳ್ಳದೆ ಬೇರೆ ದಾರಿಯಿಲ್ಲ.

ಆದರೆ ನಿಜವಾದ ಪರೀಕ್ಷೆ ಗಡಿಯಾರದ್ದು. ಯಂತ್ರ ನಲವತ್ತು ನಿಮಿಷ ಬಿಡದೆ ಓಡಬೇಕು. ಹತ್ತೊಂಬತ್ತು ವರ್ಷದ ಹಿಂದೆ ಇವರು ಹತ್ತೇ ನಿಮಿಷ ನೋಡಿ, ತಮ್ಮ ಧಣಿಗೆ ಒಂದು ಯಂತ್ರ ಕೊಡಿಸಿದ್ದರು. ತಿಂಗಳೊಳಗೆ ಬಿಸಿಯೇರಿದ ಪೈಪಿನ ಜೋಡಣೆ ಕಿತ್ತು ಹಾರಿ, ಜೊತೆಗೆ ಕೆಲಸ ಮಾಡುತ್ತಿದ್ದ ಗಂಡನ ಬಲಗಿವಿಗೆ ಬಡಿಯಿತು. ಆ ಕಿವಿಗೆ ಇಂದಿಗೂ ಕೇಳಿಸದು. "ಅವ್ರು ಒಂದಿನವೂ ನನ್ನ ಬೈಲಿಲ್ಲ. ಬೈದಿದ್ರೆ ಹಗುರಾಗ್ತಿತ್ತು" ಎನ್ನುತ್ತಾರೆ. ಪ್ರತಿ ಪರೀಕ್ಷೆಯ ಹಿಂದಿನ ಸಂಜೆ ಬಾಗಿಲಿಗೆ ಕೆಸರು ಮೆತ್ತುವುದು ಆ ಗಂಡನೇ.

ಇವತ್ತಿನ ಯಂತ್ರ ಬೇರೆ ಯಾರಿಗೂ ಅಲ್ಲ, ಮಗಳಿಗೆ. ನಾಡಿದ್ದು ಕಾರು ತೊಳೆಯುವ ಅವಳ ಸ್ವಂತ ಅಂಗಡಿ ತೆರೆಯಬೇಕು. ಮೂವತ್ತು ನಿಮಿಷ ಎಲ್ಲವೂ ಸುಸೂತ್ರ. ಅಪ್ಪ ಗೋಡೆಯ ಬಳಿ ಕೂತಿದ್ದಾರೆ, ಅವಳು ಕಾಲು ಬದಲಿಸುತ್ತ ನಿಂತಿದ್ದಾಳೆ. "ಸಾಕಮ್ಮ, ಚೆನ್ನಾಗಿದೆಯಲ್ಲ!"

ಮೂವತ್ತೆಂಟನೆಯ ನಿಮಿಷಕ್ಕೆ ಜೋಡಣೆಯಲ್ಲಿ ಒಂದು ಹನಿ ಮೂಡುತ್ತದೆ.

"ಒಂದು ಹನಿ ಅಕ್ಕ, ಅಷ್ಟೇ" ಎನ್ನುತ್ತಾನೆ ಅಂಗಡಿಯಾತ.

"ಇದು ಬೇಡ."

"ನಾಡಿದ್ದು ಬಾಗಿಲು ತೆಗೀಬೇಕಮ್ಮ! ಎಲ್ರಿಗೂ ಹೇಳಿಬಿಟ್ಟಿದೀನಿ" ಎಂದು ಮಗಳು ರೇಗುತ್ತಾಳೆ. ತಾಯಿ ವಾದಕ್ಕಿಳಿಯದೆ ಸ್ವಿಚ್ಚು ಆರಿಸಿ, ಅವಳ ಬೆರಳನ್ನು ಜೋಡಣೆಗೆ ತಾಗಿಸುತ್ತಾರೆ. ಚುರುಕ್ ಎಂದು ಕೈ ಹಿಂದೆ ಬರುತ್ತದೆ. ಮಗಳು ತಿರುಗಿ ಗೋಡೆಯ ಬಳಿ ಕೂತ ಅಪ್ಪನನ್ನು ನೋಡುತ್ತಾಳೆ. ಆಮೇಲೆ ಹೋಗಿ ಅವರ ಎಡಗಡೆಗೆ ಕೂರುತ್ತಾಳೆ.

"ಅಪ್ಪಾ, ನಾಳೆ ಇನ್ನೊಂದು ಅಂಗಡಿಗೆ ಹೋಗೋಣ. ಇವತ್ತು ಸಂಜೆ ಕೆಸರು ನಾನೂ ಮೆತ್ತಲಾ?"

"ತೆಳ್ಳಗೆ ಮೆತ್ತಬೇಡ, ನಿಮ್ಮಮ್ಮ ಒಪ್ಪಲ್ಲ" ಎಂದು ಅವರು ನಗುತ್ತಾರೆ.

ದೊಡ್ಡ ಆಸೆಯೇನೂ ಬಾಗಿಲಮ್ಮನಿಗಿಲ್ಲ. ಹೊರುವಾಗ ಬಾಗಿಲಿನ ಅಂಚು ಅಂಗೈ ಕೊಯ್ಯುತ್ತದಂತೆ, ಒಂದು ಹಿಡಿಕೆ ಹಾಕಿಸಬೇಕಂತೆ. ಕೈಗಡಿಯಾರ ಕಟ್ಟಿಕೊಳ್ಳುತ್ತ ಹೇಳುತ್ತಾರೆ: "ಇವತ್ತಿಗೆ ಮೂವತ್ತೆರಡಾಯ್ತು, ನಾನು ಬೇಡ ಅಂದಿದ್ದು. ಅವುಗಳಿಂದ ಉಳಿದ ಕಿವಿ ಎಷ್ಟೋ, ಯಾರಿಗೂ ಗೊತ್ತಾಗಲ್ಲ. ಗೊತ್ತಾಗದಿರ್ಲಿ ಬಿಡಿ, ಕೇಳಿಸ್ತಿದ್ರೆ ಸಾಕು."