ದಾರವೂ ನಮ್ಮದೇ

ಮೊನ್ನೆ ಮೊಮ್ಮಗಳ ನೋಟುಬುಕ್ಕಿನಲ್ಲಿ ಒಂದು ಚಿತ್ರ ಕಂಡೆ. ದುಂಡಗೆ, ಮೈತುಂಬ ಮುಳ್ಳು. "ದತ್ತೂರಿ ಕಾಯಿ ಚಲೋ ತಗದೀಯವ್ವಾ" ಎಂದು ಹೊಗಳಿದೆ. ಬಿ.ಎಸ್ಸಿ. ಓದುವ ಹುಡುಗಿ ಹೊಟ್ಟೆ ಹಿಡಿದು ನಕ್ಕಳು. "ಅಜ್ಜಾ, ಇದು ಫ್ಲೂ ಜ್ವರದ ವೈರಸ್ಸು!"

ಐದನೆಯ ಇಯತ್ತೆಗೇ ಸಾಲೆ ಬಿಟ್ಟವನು ನಾನು. ಆದರೆ ಕೈಕೆಲಸ ಬಲ್ಲವನಿಗೆ ತಿಳಿಯದ್ದು ಏನಿದ್ದೀತು ಎಂಬ ಜಂಬ ಇನ್ನೂ ಹೋಗಿಲ್ಲ. "ತಿಳಿಸಿ ಹೇಳು, ನೋಡೂಣು" ಎಂದು ಎದುರಿಗೆ ಕುಳಿತೆ.

"ಇದೂ ನಿನ್ನಂಗ ಒಬ್ಬ ದರ್ಜಿ ಅಂತ ತಿಳಕೋ. ಬರೂವಾಗ ಅಳತಿ ಚೀಟಿ ಬಿಟ್ರ ಹೆಚ್ಚಿಗೇನೂ ತರೂದಿಲ್ಲ. ನಮ್ಮ ಜೀವಕೋಶದಾಗ ಪ್ರೋಟೀನು ಅಂತ ಇರತಾವು, ದಿನಾ ನಮ್ಮ ಕೆಲಸಾ ಮಾಡೂವು. ಅವನ್ನ ದುಡಿಸಿಕೊಂಡು ತನ್ನ ಅಂಗಿ ಹೊಲಿಸಿಕೊಂತೈತಿ. ಮಷೀನೂ ನಮ್ದ, ದಾರಾನೂ ನಮ್ದ."

"ಕತ್ತರಿ?"

"ಅದೂ ನಮ್ದ! ಈ ಮುಳ್ಳು ಅದಾವಲಾ, ಇವನ್ನ ನಮ್ಮ ಮೈಯಾಗಿನ ಪ್ರೋಟೀನ ಒಂದ ಕಡೆ ಕತ್ತರಿಸಿ ಕೊಡಬೇಕು. ಇಲ್ಲಾಂದ್ರ ವೈರಸ್ಸಿಗೆ ಕೋಶದೊಳಗ ಹೋಗಾಕ ಆಗೂದಿಲ್ಲ."

"ಮನಿಮುರುಕ ಪ್ರೋಟೀನು" ಎಂದು ನಗುತ್ತ ಬೈದೆ.

"ಅದರದೇನ ತಪ್ಪಜ್ಜಾ? ಅದು ತನ್ನ ದಿನದ ಕೆಲಸಾ ಮಾಡತೈತಿ, ಪಾಪ."

ನನ್ನ ನಗು ಅಲ್ಲಿಗೇ ನಿಂತಿತು. ೧೯೮೦ರ ಆಸುಪಾಸಿನ ಸವಣೂರಿನ ಬಜಾರ, ಅಲ್ಲಿ ನನ್ನ ಹೊಲಿಗೆ ಅಂಗಡಿ, ಅದರ ಬಾಗಿಲ ಬೆಳಕಿಗೆ ಕುಳಿತ ಗಂಗಕ್ಕ ಕಣ್ಣ ಮುಂದೆ ಬಂದರೆ ನಗುವುದು ಹೇಗೆ?

ಗಂಗಕ್ಕ ನನ್ನ ಒಡಹುಟ್ಟಿದ ಅಕ್ಕ. ಮಗಳು ಶಾಂತಾಳನ್ನು ಹಿರೇಕೆರೂರಿಗೆ ಕೊಟ್ಟು, ಗಂಡ ತೀರಿದ ಮೇಲೆ ನನ್ನ ಮನೆಯಲ್ಲಿದ್ದಳು. ನಾನು ಹೊಲಿದ ಅಂಗಿಗಳಿಗೆ ಗುಂಡಿ ತೂರುವ ಕಾಜಾ ಮಾಡಿ ಗುಂಡಿ ಹಚ್ಚುವುದು ಅವಳ ಕೆಲಸ. ಅವಳ ಕೈಯ ಕಾಜಾ ನೀವು ನೋಡಬೇಕಿತ್ತು. ಅಂಗಿ ಸವೆದು ಒರೆಸುವ ಬಟ್ಟೆಯಾದರೂ ಕಾಜಾ ಗಟ್ಟಿಯಾಗಿಯೇ ಇರುತ್ತಿತ್ತು. ಕಣ್ಣು ಮಾತ್ರ ಮಂಜಾಗಿದ್ದವು. ಕನ್ನಡಕ ತರೋಣವೆಂದರೆ, "ಚಾಳೀಸ ಹಾಕ್ಕೊಂಡ್ರ ಸಾಲಿ ಮಾಸ್ತರ ಕಂಡಂಗ ಕಾಣತೇನಿ, ಬ್ಯಾಡ" ಎನ್ನುತ್ತಿದ್ದಳು. ಹೀಗಾಗಿ ಅವಳ ಸೂಜಿ ಪೋಣಿಸುವವನು ನಾನು. ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ, ಬೆರಳಲ್ಲಿ ಹೊಸೆದು, ಪೋಣಿಸಿ ಕೈಗೆ ಕೊಡುವುದು. ಕಾಜಾ ಮುಗಿದರೆ ಅವಳು ಅದೇ ದಾರವನ್ನು ಹಲ್ಲಿನಿಂದ ಕಡಿಯುವುದು. ಕತ್ತರಿ ಪಕ್ಕದಲ್ಲಿದ್ದರೂ ಮುಟ್ಟುತ್ತಿರಲಿಲ್ಲ.

ಆ ವರ್ಷ ಮದುವೆಯ ಹಂಗಾಮಿನಲ್ಲೇ ಊರಿಗೆ ಫ್ಲೂ ಬಂತು. ತಿಳವಳ್ಳಿಯ ಒಂದು ದೊಡ್ಡ ಮನೆಯ ಮದುವೆ ಬಟ್ಟೆಯೆಲ್ಲ ನನ್ನ ಅಂಗಡಿಯಲ್ಲಿತ್ತು. ಹೇಳಿದ ದಿನ ತಪ್ಪಿಸದ ದರ್ಜಿ ಎಂದು ಹೆಸರು ಮಾಡಿದವನು ನಾನು. ನನಗೂ ಜ್ವರ ಹತ್ತಿತು, ಆದರೆ ಮಲಗುವುದೆಂದರೇನು? ಕೆಮ್ಮು ಬಂದಾಗಲೆಲ್ಲ ಅದು ಕೇಳಿಸಬಾರದೆಂದು ಮಷೀನನ್ನು ಜೋರಾಗಿ ತುಳಿದೆ.

ಸೂಜಿ ಇಸಿದುಕೊಳ್ಳುವಾಗ ಅಕ್ಕ ನನ್ನ ಕೈ ಹಿಡಿದಳು. "ಮೈ ಸುಡಾಕತ್ತೈತಲ್ಲೋ ತಮ್ಮಾ. ಮನಿಗೆ ನಡಿ."

"ಇಸ್ತ್ರಿ ಪೆಟಗಿ ಮುಂದ ಕುಂತೇನಿ, ಸುಡದ ಏನ ಮಾಡತೈತಿ?"

"ಇಸ್ತ್ರಿ ಪೆಟಗಿ ಕೆಮ್ಮತೈತೇನ?"

ಇಬ್ಬರೂ ನಕ್ಕೆವು. ಮತ್ತೆ ದಾರವನ್ನು ತುಟಿಗಿಟ್ಟೆ.

ಬಟ್ಟೆ ಹೇಳಿದ ದಿನಕ್ಕೆ ಹೋದವು. ಅಷ್ಟರಲ್ಲಿ ಅಕ್ಕನಿಗೆ ಜ್ವರ ಹತ್ತಿತ್ತು, ಎದೆಗೆ ಇಳಿಯಿತು. ಹಾಸಿಗೆ ಹಿಡಿದವಳು ಏಳಲಿಲ್ಲ.

ಅದಕ್ಕಿಂತ ಕೆಟ್ಟದ್ದು ಆಮೇಲೆ ನಡೆಯಿತು. ಅವಳು ತೀರಿದ ಮೇಲೆ ಮಾತಾಡಿಸಲು ಬಂದ ಮಂದಿ, "ಎಲ್ಲಿಂದ ಹತ್ತಿತ್ರಿ ಜ್ವರಾ?" ಎಂದು ಕೇಳಿದರು. "ಹಿರೇಕೆರೂರಿಗೆ ಮಗಳ ಮನಿಗೆ ಹೋಗಿದ್ಲಲ್ರಿ, ಅಲ್ಲಿ ಕೂಸಿಗೆ ನೆಗಡಿ ಇತ್ತಂತ" ಎಂದುಬಿಟ್ಟೆ. ಅಕ್ಕ ಅಲ್ಲಿಂದ ಬಂದು ತಿಂಗಳಾಗಿತ್ತು. ಬಾಗಿಲ ಮರೆಯಲ್ಲಿ ಶಾಂತಾ ನಿಂತಿದ್ದಳು. ಕೇಳಿಸಿಕೊಂಡಳು.

ಆ ದಿನದಿಂದ ಅವಳ ಮನೆಯಲ್ಲಿ ಯಾರಿಗಾದರೂ ಸೀನು ಬಂದರೆ ಸಾಕು, ಯಾರ ಮನೆಗೂ ಹೋಗಳು. ನನ್ನ ಮಗನ ಮದುವೆಗೂ ಬರಲಿಲ್ಲ. "ಹುಡುಗಗ ಕೆಮ್ಮು ಐತಿ ಮಾವಾ. ನಮ್ಮನಿ ಜ್ವರಾ ನಮ್ಮನ್ಯಾಗ ಇರ್ಲಿ" ಎಂದು ಹೇಳಿ ಕಳಿಸಿದ್ದಳು. ಸೊಕ್ಕು ಎಂದುಕೊಂಡೆ. ಎಲ್ಲರನ್ನೂ ನನ್ನ ಅಳತೆಯಲ್ಲೇ ಅಳೆಯುವ ಚಾಳಿ ನನ್ನದು.

ಸೂಜಿ ಪೋಣಿಸಿ ಕೊಟ್ಟದ್ದಕ್ಕೆ ನನ್ನನ್ನು ನಾನು ಕ್ಷಮಿಸಿಕೊಳ್ಳಬಲ್ಲೆ. ಅದು ನಮ್ಮ ದಿನದ ಕೆಲಸ, ಮೊಮ್ಮಗಳ ಪ್ರೋಟೀನಿನಂತೆ. ಆದರೆ ಪ್ರೋಟೀನು ಸುಳ್ಳು ಹೇಳುವುದಿಲ್ಲ.

ನಿನ್ನೆ ಹಿರೇಕೆರೂರಿಗೆ ಹೋದೆ. ಶಾಂತಾಳ ತಲೆಯೂ ಬೆಳ್ಳಗಾಗಿದೆ. ನೀರು ಕೊಟ್ಟು ಎದುರಿಗೆ ಕುಳಿತಳು. "ಆ ಜ್ವರಾ ನಿಮ್ಮನಿದಲ್ಲವ್ವಾ. ನಂದಿತ್ತು. ಸೂಜಿ ಪೋಣಿಸಿ ಕೊಡೂವಾಗ ನಿಮ್ಮವ್ವಗ ಹತ್ತಿತು. ಗೊತ್ತಿದ್ದೂ ಸುಳ್ಳ ಹೇಳಿದೆ" ಎಂದೆ.

"ನಿನಗ ಜ್ವರಾ ಇದ್ದದ್ದು ಅವ್ವಗ ಗೊತ್ತಿತ್ತೇನ ಮಾವಾ?"

"ಗೊತ್ತಿತ್ತು."

"ಆದ್ರೂ ನಿನ್ನ ಕೈಯಾನ ಸೂಜಿ ಇಸಕೊಂಡ್ಲು?"

ಹೌದೆಂದು ತಲೆಯಾಡಿಸಿದೆ.

"ಚಹಾ ಇಡತೇನಿ" ಎಂದು ಎದ್ದು ಒಳಗೆ ಹೋದಳು. ಒಲೆ ಹಚ್ಚಿದ ಸಪ್ಪಳ ಕೇಳಲಿಲ್ಲ, ಪಾತ್ರೆಯ ಸಪ್ಪಳವೂ ಇಲ್ಲ. ಸವಣೂರಿನ ಬಸ್ಸಿನ ಹೊತ್ತು ಮೀರಿತು, ಏಳಲಿಲ್ಲ. ಕೈಯಲ್ಲಿ ಕೆಲಸವಿಲ್ಲದೆ ಅಷ್ಟು ಹೊತ್ತು ನಾನು ಕುಳಿತದ್ದು ಅದೇ ಮೊದಲು.