ಅವ್ವ ರಫು ಮಾಡಿದ ಗಾಳಿಚೀಲ

ತೂತು ಕಂಡರೆ ನಮ್ಮ ಮನೆಯವರಿಗೆ ತಡೆಯುವುದಿಲ್ಲ. ಬನಹಟ್ಟಿಯಲ್ಲಿ ನಮ್ಮದು ಮಗ್ಗದ ಮನೆ. ನೇಯ್ದ ಸೀರೆಯಲ್ಲಿ ಎಳೆ ಕಡಿದು ಜೋಳದ ಕಾಳಿನಷ್ಟು ಜಾಗ ಬಿಟ್ಟುಕೊಂಡರೂ ಸಾಕು, ವ್ಯಾಪಾರಿಯ ಕಣ್ಣಿಗೆ ಬೀಳುವ ಮೊದಲು ಅದು ಅವ್ವನ ಕೈಗೆ ಬರಬೇಕು. ಅವಳು ಅದೇ ಸೀರೆಯ ತುದಿಯಿಂದ ನಾಲ್ಕು ಎಳೆ ಬಿಡಿಸಿಕೊಂಡು, ಕಿಟಕಿಯ ಬೆಳಕಿಗೆ ಕೂತು, ಸೂಜಿಯಿಂದ ಅಡ್ಡ ಉದ್ದ ಪೋಣಿಸಿ ರಫು ಮಾಡಿದಳೆಂದರೆ ತೂತು ಎಲ್ಲಿತ್ತೆಂದು ನೇಯ್ದವನಿಗೂ ಗೊತ್ತಾಗುತ್ತಿರಲಿಲ್ಲ. ಓಣಿಯವರೆಲ್ಲ ಕೆಟ್ಟ ಸೀರೆ ಬಗಲಲ್ಲಿಟ್ಟುಕೊಂಡು ನಮ್ಮ ಮನೆಗೇ ಬರುತ್ತಿದ್ದರು. ಈಗಲೂ ಬರುತ್ತಾರೆ.

ನಾನು ಮಗ್ಗಕ್ಕೆ ಕೂಡಲಿಲ್ಲ. ಕಾರು, ಜೀಪುಗಳಿಗೆ ಸೀಟಿನ ಕವರ್ ಹೊಲಿಯುವ ಅಂಗಡಿ ಹಾಕಿಕೊಂಡೆ. ಆದರೂ ನೇಕಾರರ ಮನೆಯ ಮಗ ನೋಡಿ, ಬಟ್ಟೆಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬ ಸೊಕ್ಕು ಮಾತ್ರ ಮೈತುಂಬ ಇತ್ತು. ಜಮಖಂಡಿ, ಮುಧೋಳ, ಬೀಳಗಿ ಎಲ್ಲ ಕಡೆಯ ಗ್ಯಾರೇಜಿನವರೂ ನನ್ನ ಹೊಲಿಗೆಯನ್ನು ಹೊಗಳಿ ಹೊಗಳಿ ಆ ಸೊಕ್ಕನ್ನು ಇನ್ನಷ್ಟು ಬೆಳೆಸಿದ್ದರು.

ಮೂರು ವರ್ಷದ ಹಿಂದೆ ಮುಧೋಳದ ಒಬ್ಬ ಗ್ಯಾರೇಜಿನವನು ಒಂದು ಕಾರಿನ ಸ್ಟೇರಿಂಗಿನ ನಡುವಿನ ಭಾಗವನ್ನು ಬಿಚ್ಚಿಕೊಂಡು ನನ್ನ ಅಂಗಡಿಗೆ ಬಂದ. ಆ ಕಾರು ಕಬ್ಬಿನ ಟ್ರೇಲರಿಗೆ ಹಿಂದಿನಿಂದ ಗುದ್ದಿತ್ತು. ಓಡಿಸುತ್ತಿದ್ದವನನ್ನು ಏರ್‌ಬ್ಯಾಗ್ ಉಳಿಸಿತ್ತು. ಉಬ್ಬಿ ಇಳಿದ ಆ ಚೀಲ ಈಗ ಮುಚ್ಚಳದ ಬಾಯಿಂದ ಜೋತುಬಿದ್ದಿತ್ತು, ಮೈತುಂಬ ಬಿಳಿ ಪುಡಿ.

"ಇದನ್ನ ಮೊದಲ ಹೆಂಗಿತ್ತೋ ಹಂಗ ಮಡಚಿ ಒಳಗ ಕುಂದ್ರಸಬೇಕ್ರಿ," ಅಂದ. "ಮ್ಯಾಲಿನ ಮುಚ್ಚಳ ಹರದೈತಿ, ಅದನ್ನೂ ಕಾಣದಂಗ ಮಾಡ್ರಿ. ಇದನ್ನ ಉಬ್ಬಸೂ ಮದ್ದಿನ ಡಬ್ಬಿ ಖಾಲಿ ಆಗೇತಿ, ಅದನ್ನ ನಾ ಬ್ಯಾರೇ ತಂದು ಹಾಕತೇನಿ. ಬಟ್ಟಿ ಕೆಲಸ ನಿಮ್ಮನ್ನ ಬಿಟ್ಟು ಯಾರಿಗೆ ಹೇಳಲ್ರಿ?"

ಈ ಕೊನೆಯ ಮಾತಿಗೇ ನಾನು ಬಿದ್ದೆ. ಚೀಲವನ್ನು ಮನೆಗೆ ಒಯ್ದು ಹಾಸಿದೆ. ಎಂಥ ಬಟ್ಟೆ ಅದು, ಎಳೆ ಎಳೆಗೆ ಅಂಟಿಕೊಂಡ ನೇಯ್ಗೆ, ಅವ್ವ ಬೆರಳಲ್ಲಿ ತಿಕ್ಕಿ ತಿಕ್ಕಿ ನೋಡಿದಳು. ಹಿಂಬದಿಯಲ್ಲಿ ದುಂಡಗಿನ ಎರಡು ತೂತು ಇದ್ದವು, ಒಂದೊಂದೂ ರೂಪಾಯಿ ನಾಣ್ಯದಷ್ಟು. ಚೀಲದ ಒಳಗಿನ ಹೊಲಿಗೆಯಂಚಿನಿಂದ ಎಳೆ ಬಿಡಿಸಿ ಅವ್ವ ಎರಡು ದಿನ ಕೂತು ಎರಡನ್ನೂ ರಫು ಮಾಡಿದಳು. ಆಮೇಲೆ ವ್ಯಾಪಾರಿಗೆ ಕೊಡುವ ಸೀರೆಯನ್ನು ಮಡಚುವ ಹಾಗೆ, ಮಡಿಕೆಯ ಮೇಲೆ ಮಡಿಕೆ ಹಾಕಿ, ಅಂಗೈಯಿಂದ ಒತ್ತಿ, ಅಷ್ಟು ದೊಡ್ಡ ಚೀಲವನ್ನು ಮುಷ್ಟಿಯಷ್ಟು ಮಾಡಿ ಕೊಟ್ಟಳು. ಹರಿದ ಮುಚ್ಚಳವನ್ನು ನಾನು ಆ ಮೊದಲೇ ಹೊಲಿದಿಟ್ಟಿದ್ದೆ, ಈಗ ಅದನ್ನು ಮೇಲೆ ಕೂಡಿಸಿ ಹೊಲಿದೆ. ಗ್ಯಾರೇಜಿನವನು ನೋಡಿ ತಲೆದೂಗಿದ. ನಾನು ಒಂದು ವಾರ ಬಂದವರಿಗೆಲ್ಲ ಅದನ್ನೇ ಹೇಳಿಕೊಂಡು ತಿರುಗಿದೆ.

ರಿಪೇರಿಯಾದ ಮೇಲೆ ಆ ಕಾರು ಮಾರಾಟಕ್ಕೆ ಬಂತು. ಅದೇ ಹೊತ್ತಿಗೆ ನನ್ನ ಅಕ್ಕ ಕಾರು ಹುಡುಕುತ್ತಿದ್ದಳು. ಅವಳು ಇರುವುದು ಬೀಳಗಿಯಲ್ಲಿ, ಮಾಸ್ತರಿಕೆ ಮಾಡುವುದು ಅನಗವಾಡಿ ಕಡೆಯ ಸಾಲೆಯಲ್ಲಿ. ಬಸ್ಸಿಗೆ ಕಾದು ಕಾದು ಸಾಕಾಗಿ ಡ್ರೈವಿಂಗ್ ಕಲಿತಿದ್ದಳು. ಗುದ್ದಿದ ಗಾಡಿ ಬೇಡ ಎಂದು ಅವಳು ಹಿಂಜರಿದಳು. ನಾನೇ ಮುಂದೆ ಬಿದ್ದು, "ಕಣ್ಣ ಮುಚ್ಚಿ ತಗೋ ಅಕ್ಕಾ, ಸೀಟಿನಿಂದ ಏರ್‌ಬ್ಯಾಗಿನ ತನಕ ನಮ್ಮನಿ ಕೆಲಸ ಐತಿ ಅದರಾಗ," ಅಂದೆ. ಅವಳು ತಗೊಂಡಳು. ಅಕ್ಕ ಗಿಡ್ಡ. ಕಾಲು ಪೆಡಲಿಗೆ ಮುಟ್ಟಲೆಂದು ಸೀಟನ್ನು ಪೂರ್ತಿ ಮುಂದಕ್ಕೆ ಎಳೆದುಕೊಂಡು, ಸ್ಟೇರಿಂಗಿಗೆ ಎದೆ ಹಚ್ಚಿಕೊಂಡಂತೆ ಕೂತು ಓಡಿಸುತ್ತಾಳೆ. ಗಾಡಿಯನ್ನು ಓಡಿಸುತ್ತೀಯೋ ತಬ್ಬಿಕೊಳ್ಳುತ್ತೀಯೋ ಎಂದು ನಾನು ಕಾಡಿಸುತ್ತಿದ್ದೆ.

ಹೋದ ಚಳಿಗಾಲದಲ್ಲಿ ಸೀಟಿನ ಅಳತೆ ತೆಗೆದುಕೊಳ್ಳಲು ಜಮಖಂಡಿಯ ಒಂದು ವರ್ಕ್‌ಶಾಪಿಗೆ ಹೋಗಿದ್ದೆ. ಅದರ ಮೇಸ್ತ್ರಿ ಪುಣೆಯಲ್ಲಿ ಕಂಪನಿಯ ವರ್ಕ್‌ಶಾಪಿನಲ್ಲಿ ಬಹಳ ವರ್ಷ ದುಡಿದು ಬಂದವರು, ಮಾತು ಕಡಿಮೆ. ಅಲ್ಲಿ ಮೂಗು ನಜ್ಜುಗುಜ್ಜಾದ ಒಂದು ಕಾರು ನಿಂತಿತ್ತು. ಡ್ರೈವರ್ ಕಡೆಯ ಏರ್‌ಬ್ಯಾಗ್ ಒಡೆದು ಜೋತುಬಿದ್ದಿತ್ತು. ನಾನು ಎಲ್ಲ ತಿಳಿದವನ ಹಾಗೆ ಬಾಗಿಲು ತೆಗೆದು ಕೈ ಚಾಚಿದೆ.

"ಕೈ ಹಚ್ಚಬ್ಯಾಡ್ರಿ ಅಣ್ಣಾರ," ಅಂದರು ಮೇಸ್ತ್ರಿ. "ಈ ಕಡೇದು ಹಾರೇತಿ. ಆ ಕಡೇದು ಇನ್ನೂ ಹಾರಿಲ್ಲ. ಅದು ಜೀವಂತ ಐತಿ."

ಬ್ಯಾಟರಿಯ ತಂತಿ ಬಿಚ್ಚಿ ಅದನ್ನು ದೂರ ಕಟ್ಟಿದರು. ಇನ್ನು ಕೆಲಸ ಶುರು ಮಾಡುತ್ತಾರೆ ಎಂದುಕೊಂಡರೆ ಅವರು ಸುಮ್ಮನೆ ಸ್ಟೂಲಿನ ಮೇಲೆ ಕೂತು ಗಡಿಯಾರ ನೋಡತೊಡಗಿದರು. ನನಗೆ ನಗು ಬಂತು. "ತಂತಿ ಬಿಚ್ಚಿದ್ರೂ ಕರೆಂಟ್ ಒಳಗ ಸ್ವಲ್ಪ ಹೊತ್ತು ಕುಂತಿರತೈತ್ರಿ. ಕಂಪನಿ ಪುಸ್ತಕದಾಗ ಎಷ್ಟು ನಿಮಿಷ ಬರದಾರೋ ಅಷ್ಟೂ ಕಾಯಬೇಕು. ಗಡಿಬಿಡಿ ಮಾಡಿದವರು ಮುಖ ಸುಟಗೊಂಡಾರ," ಅಂದರು. ಹೊತ್ತು ಕಳೆದ ಮೇಲೆ ಕೈಗವಸು, ಕನ್ನಡಕ ಹಾಕಿಕೊಂಡು ಹಳದಿ ಬಣ್ಣದ ಕನೆಕ್ಟರ್ ಬಿಡಿಸಿದರು. ಒಡೆಯದ ಏರ್‌ಬ್ಯಾಗನ್ನು ಅದರ ಮುಖ ತಮ್ಮಿಂದ ಆಚೆಗೆ ಇರುವಂತೆ ಹಿಡಿದು ನಡೆದು, ಮೇಜಿನ ಮೇಲೆ ಮುಖ ಮೇಲಾಗಿ ಇಟ್ಟರು. ಬೋರಲು ಇಟ್ಟಾಗ ಅಕಸ್ಮಾತ್ ಹಾರಿದರೆ ಡಬ್ಬಿಯೇ ಛಾವಣಿಗೆ ಹೋಗಿ ಬಡಿಯುತ್ತದಂತೆ. ಒಡೆದದ್ದಕ್ಕೆ ಬದಲಾಗಿ ಸೀಲ್ ಮಾಡಿದ ಹೊಸ ಪೆಟ್ಟಿಗೆ ಬಂದಿತ್ತು. ಜೊತೆಗೆ ಹೊಸ ಸೀಟ್‌ಬೆಲ್ಟು, ಇದನ್ನೆಲ್ಲ ನಡೆಸುವ ಹೊಸ ಕಂಟ್ರೋಲ್ ಡಬ್ಬಿ. ಒಮ್ಮೆ ಒಡೆದದ್ದು ಮತ್ತೆ ಗಾಡಿಗೆ ಹೋಗುವ ಹಾಗಿಲ್ಲ ಅಂದರು.

ನನಗೆ ಅದು ದುಂದು ಅನಿಸಿತು. "ಇಷ್ಟ್ಯಾಕ್ರಿ ಮೇಸ್ತ್ರಿ? ಬಟ್ಟಿ ಗಟ್ಟಿ ಐತಿ. ತೂತು ಮುಚ್ಚಿ ಮಡಚಿದ್ರ ನಡೀತೈತಿ," ಅಂದೆ.

"ಯಾವ ತೂತು?"

ಬಿಚ್ಚಿಟ್ಟ ಚೀಲವನ್ನು ತಿರುಗಿಸಿ ಹಿಂಬದಿ ತೋರಿಸಿದೆ. ಅವೇ ಎರಡು ತೂತು, ಅಷ್ಟೇ ದುಂಡಗೆ, ಅಷ್ಟೇ ಅಗಲ. ನಾನು ಚೇಷ್ಟೆ ಮಾಡುತ್ತಿದ್ದೇನೋ ಎಂದು ಮೇಸ್ತ್ರಿ ನನ್ನ ಮುಖವನ್ನೇ ನೋಡಿದರು.

"ಅದು ಹರದದ್ದಲ್ರಿ. ಅದು ಇದರ ಮೂಗು. ಚೀಲ ಕಣ್ಣು ಪಿಳುಕಿಸೂದ್ರಾಗ ಉಬ್ಬತೈತಿ. ತಲಿ ಬಂದು ಬಡದ ಕೂಡ್ಲೆ ಗಾಳಿ ಈ ಎರಡರಾಗ ಹೊರಗ ಹೋಗಬೇಕು, ಆಗ ಅದು ಮೆತ್ತಗ ಆಗತೈತಿ. ಇವನ್ನ ಮುಚ್ಚಿದ್ರ ಟ್ರ್ಯಾಕ್ಟರಿನ ಟೈರಿಗೆ ತಲಿ ಬಡದಂಗ. ಹತ್ತಿರ ಕುಂತವರ ಕುತ್ತಿಗಿ ಉಳಿಯೂದಿಲ್ಲ."

ಸ್ಟೇರಿಂಗಿಗೆ ಎದೆ ಹಚ್ಚಿ ಕೂತ ಅಕ್ಕ ಕಣ್ಣಮುಂದೆ ಬಂದಳು. ಎರಡು ವರ್ಷದಿಂದ ದಿನಾ ಹೋಗಿ ಬರುವಾಗ ಅವಳ ಮುಖದ ಎದುರು ಇದ್ದದ್ದು ಏನೆಂದು ಈಗ ತಿಳಿಯಿತು. ಮೇಸ್ತ್ರಿಯ ಸ್ಟೂಲಿನ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. "ಈಗ ಗಾಡಿ ಎಲ್ಲೈತಿ?" ಅಂತಷ್ಟೇ ಕೇಳಿದರು.

ಸಾಲೆ ಬಿಡುವ ಹೊತ್ತು. ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. ಮೂರನೇ ಸಲ ಎತ್ತಿ, "ಗಾಡಿ ಓಡಿಸಾಕತ್ತೇನಿ ತಮ್ಮಾ, ಮನಿಗೆ ಹೋಗಿ ಮಾತಾಡತೇನಿ," ಎಂದು ನಾನು ಬಾಯಿ ತೆರೆಯುವುದರೊಳಗೆ ಇಟ್ಟುಬಿಟ್ಟಳು. ಆಮೇಲೆ ಎಷ್ಟು ಮಾಡಿದರೂ ಉತ್ತರವಿಲ್ಲ. ಓಡಿಸುವಾಗ ಫೋನ್ ಮುಟ್ಟಬಾರದು ಎಂದು ಅವಳಿಗೆ ಹೇಳಿಕೊಟ್ಟವನೂ ನಾನೇ.

ಮೇಸ್ತ್ರಿ ತಮ್ಮ ಜೀಪು ತೆಗೆದರು. ಬೀಳಗಿ ಮುಟ್ಟುವ ತನಕ ರಸ್ತೆಯಲ್ಲಿ ಎದುರಾದ ಒಂದೊಂದು ಕಬ್ಬಿನ ಟ್ರೇಲರನ್ನೂ ನಾನು ಶಪಿಸಿದೆ. ಅಕ್ಕನ ಮನೆ ಮುಂದೆ ಕಾರು ನಿಂತದ್ದು ಕಂಡಾಗ ಕಣ್ಣಲ್ಲಿ ನೀರು ಬಂತು. ಅವಳು ಹೊರಗೆ ಬಂದವಳೇ ನನ್ನ ಮುಖ ನೋಡಿ, "ಅವ್ವಗ ಏನಾತು?" ಅಂದಳು.

ಅವ್ವನಿಗೆ ಏನೂ ಆಗಿಲ್ಲ, ಹೀಗೆ ಹೀಗೆ ಎಂದು ಹೇಳಿದೆ. ಅವಳು ನಂಬಲಿಲ್ಲ. ಚಾವಿ ತಿರುಗಿಸಿ ತೋರಿಸಿದಳು. ಏರ್‌ಬ್ಯಾಗಿನ ಕೆಂಪು ದೀಪ ಹತ್ತಿತು, ನಾಲ್ಕೈದು ಸೆಕೆಂಡಿಗೆ ಆರಿತು. "ನೋಡು, ಸರಿ ಐತಿ. ಕೆಟ್ಟಿದ್ರ ದೀಪ ಆರೂದಿಲ್ಲಂತ ನೀನ ಹೇಳಿದ್ದಿ." ಮೇಸ್ತ್ರಿ ತಮ್ಮ ಸ್ಕ್ಯಾನರ್ ಹಚ್ಚಿ ನೋಡಿದರು. ಅದೂ ಯಾವ ದೋಷವನ್ನೂ ತೋರಿಸಲಿಲ್ಲ.

"ಯಂತ್ರ ಸರಿ ಅಂದ್ರೂ, ಗುದ್ದಿದ ಗಾಡಿ ಅಂದಮ್ಯಾಲೆ ಬಿಚ್ಚಿ ಕಣ್ಣಿಲೆ ನೋಡಬೇಕ್ರಿ ಅಕ್ಕಾರ," ಅಂದರು ಮೇಸ್ತ್ರಿ. ಮತ್ತೆ ಬ್ಯಾಟರಿ ತಂತಿ, ಮತ್ತೆ ಕಾಯುವುದು. ಈ ಸಲ ನನಗೆ ನಗು ಬರಲಿಲ್ಲ. ನಮ್ಮನ್ನು ದೂರ ನಿಲ್ಲಿಸಿ, ತಾವು ಮಗ್ಗುಲಿಂದ ಬಗ್ಗಿ, ಸ್ಟೇರಿಂಗಿನ ನಡುಭಾಗವನ್ನು ಹೊರಗೆ ತೆಗೆದು ಕಟ್ಟೆಯ ಮೇಲಿಟ್ಟರು. ಬಹಳ ಹೊತ್ತು ತಿರುಗಿಸಿ ನೋಡಿದ ಮೇಲೆ ನನ್ನ ಹೊಲಿಗೆ ಬಿಚ್ಚಿದರು.

ಅವ್ವನ ಮಡಿಕೆ ಹಾಕಿದ್ದು ಹಾಕಿದಂತೆಯೇ ಇತ್ತು. ಚೀಲ ಬಿಡಿಸಿ ಹಾಸಿದಾಗ ರಫು ಎಲ್ಲಿದೆ ಎಂದು ನನಗೇ ಸಿಗಲಿಲ್ಲ. ನಾಚಿಕೆಗೇಡು, ಆದರೂ ಹೇಳುತ್ತೇನೆ: ಆ ಒಂದು ಗಳಿಗೆ ನನಗೆ ಹೆಮ್ಮೆಯೇ ಆಯಿತು.

ಮೇಸ್ತ್ರಿ ಚೀಲದ ಹಿಂದಿನ ಡಬ್ಬಿ ತೋರಿಸಿದರು. ಅದು ಹಳೆಯದೇ, ಸುಟ್ಟು ಕಪ್ಪಾಗಿತ್ತು. ಮುಧೋಳದವನು ಬೇರೆ ತಂದು ಹಾಕುತ್ತೇನೆ ಎಂದದ್ದು ಬರೀ ಬಾಯಿಮಾತು. ಡಬ್ಬಿಗೆ ಹೋಗಬೇಕಾದ ತಂತಿಯ ಬಾಯಿಗೆ ಗೋಧಿ ಕಾಳಿನಷ್ಟು ಒಂದು ರೆಸಿಸ್ಟರ್ ಸಿಗಿಸಿ ಟೇಪು ಸುತ್ತಿದ್ದ. ಏರ್‌ಬ್ಯಾಗ್ ಇದೆ ಎಂದು ಗಾಡಿ ತಿಳಿದುಕೊಳ್ಳಲು ಅಷ್ಟು ಸಾಕಂತೆ. ದೀಪ ಹತ್ತುತ್ತದೆ, ಆರುತ್ತದೆ, ಸ್ಕ್ಯಾನರಿಗೂ ಸುಳ್ಳು ತಿಳಿಯುವುದಿಲ್ಲ.

"ಇದರಾಗ ಮದ್ದೇ ಇಲ್ರಿ. ಏನ ಗುದ್ದಿದ್ರೂ ಇದು ಉಬ್ಬತಿರಲಿಲ್ಲ," ಅಂದರು.

ಹಾಗಾದರೆ ಅವ್ವನ ರಫುವಿನಿಂದ ಅಕ್ಕನ ಕುತ್ತಿಗೆ ಮುರಿಯುತ್ತಿರಲಿಲ್ಲ. ನನಗೆ ಉಸಿರು ಬಂದಂತಾಗಿ, "ಸದ್ಯ," ಅಂದುಬಿಟ್ಟೆ.

ಅಕ್ಕ ನನ್ನ ಕಡೆ ತಿರುಗಿದಳು. "ಏನ ಸದ್ಯ?" ಅಂದಳು, ಸಣ್ಣ ದನಿಯಲ್ಲಿ. "ಎರಡು ವರ್ಷ ನನ್ನ ಮುಂದ ಇದ್ದದ್ದು ಅರಿವಿ ಗಂಟು. ಮಳಿ ಬಂದಾಗ ಸಾಲಿ ಹುಡುಗ್ಯಾರನ್ನ ಕೂಡಿಸಿಕೊಂಡು ಬಂದೇನಿ. ನಾ ಗ್ಯಾರೇಜಿನವನ ಮಾತು ಕೇಳಿ ತಗೊಳ್ಳಲಿಲ್ಲ ತಮ್ಮಾ. ನೀ ಹೇಳಿದ್ದಿ ಅಂತ ತಗೊಂಡಿದ್ನಿ." ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮೇಸ್ತ್ರಿ ಕಾರನ್ನು ಜಮಖಂಡಿಗೆ ಎಳೆಸಿಕೊಂಡು ಹೋದರು, ಎಲ್ಲವನ್ನೂ ಹೊಸದು ಹಾಕದೆ ಕೊಡುವುದಿಲ್ಲ ಎಂದು.

ಮುಧೋಳದವನಿಗೆ ಫೋನ್ ಹಚ್ಚಿ ಬಾಯಿಗೆ ಬಂದದ್ದೆಲ್ಲ ಬೈದೆ. ಅವನು ಗಾಬರಿಯಾಗಲಿಲ್ಲ. "ಇಷ್ಟ ದಿನಾ ಏನೂ ಆಗಿಲ್ಲಲ್ರಿ. ಮತ್ತ ಮಡಚಿ ಹೊಲ್ದು ಕೊಟ್ಟವರು ನೀವ," ಅಂದ. ನಾನು ಫೋನ್ ಇಟ್ಟುಬಿಟ್ಟೆ.

ಚೀಲವನ್ನು ಮನೆಗೆ ಒಯ್ದೆ. ಅವ್ವ ಕಿಟಕಿಯ ಹತ್ತಿರ ಯಾರದೋ ಸೀರೆ ಹಿಡಿದು ಕೂತಿದ್ದಳು. ಅವಳಿಗೆ ಹೇಳುವುದೋ ಬೇಡವೋ ಎಂದು ದಾರಿಯುದ್ದಕ್ಕೂ ಯೋಚಿಸಿದ್ದೆ. ಈ ವಯಸ್ಸಿನಲ್ಲಿ, ಡಬ್ಬಿಯಲ್ಲಿ ಮದ್ದು ಇದ್ದಿದ್ದರೆ ಅವಳ ಕೈಕೆಲಸವೇ ಮಗಳ ಜೀವ ತೆಗೆಯಬಹುದಿತ್ತು ಎಂದು ಹೇಗೆ ಹೇಳುವುದು? ಆದರೂ ಹೇಳಿದೆ. ಮೂಗಿನ ಮಾತು, ಗಾಳಿಯ ಮಾತು, ಕರಿ ಡಬ್ಬಿಯ ಮಾತು, ಎಲ್ಲ. ಅವಳು ಸೀರೆ ಬದಿಗಿಟ್ಟು ಚೀಲವನ್ನು ತೊಡೆಯ ಮೇಲೆ ಹಾಕಿಕೊಂಡಳು. ನನಗೆ ಸಿಗದ ರಫುವನ್ನು ಬೆರಳಿಂದ ಒಂದೇ ಸಲಕ್ಕೆ ಹುಡುಕಿದಳು. ಸುತ್ತಲೂ ಬೆರಳಾಡಿಸಿದಳು.

"ಅವತ್ತ ನಿನಗ ಕೇಳಿದ್ನಲ್ಲೋ," ಅಂದಳು.

"ಏನ ಕೇಳಿದ್ದಿ?"

"ಹರದ ತೂತಿಗೆ ಅಂಚು ಇರೂದಿಲ್ಲ. ಇವಕ್ಕ ಸುತ್ತೂ ದುಂಡಗ ಹೊಲಿಗಿ ಹಾಕಿದ್ರು. ಇದು ಹರದದ್ದಲ್ಲ, ಯಾರೋ ತಿಳದವರು ಬೇಕಂತ ಬಿಟ್ಟಾರ, ಮುಚ್ಚಲೇನು ಅಂತ ಕೇಳಿದ್ನಿ."

ಆಗ ನನಗೆ ನೆನಪಾಯಿತು. ನಾನು ಮಷೀನಿನ ಮುಂದೆ ಕೂತು ಮುಚ್ಚಳದ ಹೊಲಿಗೆ ಹಾಕುತ್ತಿದ್ದೆ. ಅವಳು ಚೀಲ ಹಿಡಿದುಕೊಂಡು ಬಂದು ನನ್ನ ಮಗ್ಗುಲಲ್ಲಿ ಬಹಳ ಹೊತ್ತು ನಿಂತಿದ್ದಳು. ತಲೆ ಎತ್ತದೆಯೇ ನಾನು ಅಂದಿದ್ದೆ, "ಕಾರಿನ ಮಾತು ನಿನಗೇನ ತಿಳಿತೈತಿ ಅವ್ವಾ, ಸುಮ್ನ ಮುಚ್ಚು."